ಡಾಕ್ಟರನಲ್ಲದ ಹಾಫ್‌ಕಿನ್ ಇಟ್ಟ ಲೆಕ್ಕ

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ಊರುಗಳ ಬಸ್ ನಿಲ್ದಾಣದ ಸುತ್ತ ಒಮ್ಮೆ ಅಡ್ಡಾಡಿ ಬನ್ನಿ. ಗೋಡೆ, ಕಂಬಗಳ ಮೇಲೆ ಎರಡು ಬಗೆಯ ಪೋಸ್ಟರ್‌ಗಳು ಕಣ್ಣಿಗೆ ಬೀಳುತ್ತವೆ. ಒಂದು ಪಿಎಸ್‌ಐ, ಎಫ್‌ಡಿಎ, ಕಾನ್‌ಸ್ಟೇಬಲ್ ಪರೀಕ್ಷೆಗಳ ಕೋಚಿಂಗ್‌ನವು. ಇನ್ನೊಂದು ಮೂಲವ್ಯಾಧಿ, ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಪಾರ್ಶ್ವವಾಯುವನ್ನು ಬೇರುಸಹಿತ ವಾಸಿ ಮಾಡುತ್ತೇವೆ ಎನ್ನುವ ಔಷಧಿಗಳವು. ಮೊದಲನೆಯದನ್ನು ನಾವು ಅಷ್ಟು ಸುಲಭವಾಗಿ ನಂಬುವುದಿಲ್ಲ. ಪಾಸಾದ ಹತ್ತು ಮಂದಿಯ ಫೋಟೊ ಹಾಕಿದ್ದಾರೆ ಸರಿ, ಸೇರಿದವರು ಎಷ್ಟು ಮಂದಿ ಎಂದು ಕೇಳುತ್ತೇವೆ. ಎರಡನೆಯದಕ್ಕೆ ಆ ಪ್ರಶ್ನೆ ಕೇಳುವವರು ಕಡಿಮೆ. ವಾಸಿಯಾದ ನಾಲ್ಕು ಮಂದಿಯ ಹೆಸರು ಕಿವಿಗೆ ಬಿದ್ದರೆ ಸಾಕು, ಮನೆಮಂದಿಯೆಲ್ಲ ಹೊರಟುಬಿಡುತ್ತೇವೆ.

ಎಷ್ಟು ಜನರಲ್ಲಿ ಎಷ್ಟು ಜನ ಎಂಬ ಈ ಪ್ರಶ್ನೆಯನ್ನು ಸುಮಾರು 125 ವರ್ಷಗಳ ಹಿಂದೆ, ಊರಿಗೆ ಊರೇ ಸಾಯುತ್ತಿದ್ದ ಹೊತ್ತಿನಲ್ಲಿ, ತನ್ನದೇ ಔಷಧಿಗೆ ಕೇಳಿಕೊಂಡ ಒಬ್ಬರಿದ್ದರು. ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಮುಂಬೈನ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂಬ ಒಂದು ಸಾಲಿನ ಉತ್ತರವಾಗಿ ಇವರ ಪರಿಚಯವಿರಬಹುದು. ಆ ಒಂದು ಸಾಲಿನ ಹಿಂದಿನ ಮನುಷ್ಯನ ಕಥೆ ಇದು.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾ ನಗರದ ಯಹೂದಿ ಕುಟುಂಬದಲ್ಲಿ. ಓದಿದ್ದು ಪ್ರಾಣಿಶಾಸ್ತ್ರ. ವೈದ್ಯಕೀಯ ಪದವಿ ಅವರಿಗೆ ಇರಲೇ ಇಲ್ಲ. ಗುರು ಇಲ್ಯಾ ಮೆಚ್ನಿಕಾಫ್, ಮುಂದೆ ನೊಬೆಲ್ ಪಡೆದವರು. ಆ ಕಾಲದ ರಷ್ಯಾದಲ್ಲಿ ಯಹೂದಿಗಳ ಮೇಲೆ ದಂಗೆಗಳಾಗುತ್ತಿದ್ದವು. ಹಾಫ್‌ಕಿನ್ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡರು, ಬಂಧನಕ್ಕೂ ಒಳಗಾದರು. ಬಿಡಿಸಿಕೊಂಡು ಬಂದವರು ಮೆಚ್ನಿಕಾಫ್. ಧರ್ಮ ಬದಲಿಸಿದ್ದರೆ ವಿಶ್ವವಿದ್ಯಾಲಯದಲ್ಲಿ ಮೇಲಿನ ಹುದ್ದೆ ಸಿಗುತ್ತಿತ್ತು. ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ, ಮರುವರ್ಷ ಪ್ಯಾರಿಸ್‌ಗೆ ಹೋದರು. ಅಲ್ಲಿ ಪಾಶ್ಚರ್ ಸಂಸ್ಥೆಯಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಕೆಲಸ ಮಾತ್ರ. ಡಾಕ್ಟರೇಟ್ ಮಾಡಿದ ಮನುಷ್ಯ ಪುಸ್ತಕ ಜೋಡಿಸುವ ಕೆಲಸಕ್ಕೆ ಸೇರಿ, ಬಿಡುವಿನಲ್ಲಿ ಪ್ರಯೋಗಾಲಯಕ್ಕೆ ನುಗ್ಗುತ್ತಿದ್ದರು. ಡಿಗ್ರಿ ಮುಗಿಸಿ ಸಿಕ್ಕ ಕೆಲಸದಲ್ಲಿರುವ ನಮ್ಮಲ್ಲಿ ಹಲವರಿಗೆ ಈ ಭಾಗ ಅರ್ಥವಾಗುತ್ತದೆ.

ಆ ಬಿಡುವಿನಲ್ಲೇ ಕಾಲರಾ ಲಸಿಕೆ ತಯಾರಾಯಿತು. 1892ರ ಜುಲೈನಲ್ಲಿ ಅದನ್ನು ಮೊದಲು ಚುಚ್ಚಿಕೊಂಡದ್ದು ತಮಗೇ. ಜ್ವರ ಬಂತು, ನೋವಾಯಿತು, ಕೆಲವು ದಿನಕ್ಕೆ ಇಳಿಯಿತು. ಇದರಿಂದ ಲಸಿಕೆ ಮನುಷ್ಯನನ್ನು ಕೊಲ್ಲುವುದಿಲ್ಲ ಎಂಬಷ್ಟು ಗೊತ್ತಾಯಿತು. ಕಾಲರಾ ತಡೆಯುತ್ತದೆಯೇ ಎಂಬುದು ಗೊತ್ತಾಗಲಿಲ್ಲ. ನನ್ನ ಅಜ್ಜನೂ ಕುಡಿದ, ನಾನೂ ಕುಡಿದೆ, ಏನೂ ಆಗಲಿಲ್ಲ ಎಂಬ ಮಾತು ಎಷ್ಟನ್ನು ಸಾಬೀತು ಮಾಡುತ್ತದೆ, ಎಷ್ಟನ್ನು ಮಾಡುವುದಿಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು. ಕಾಲರಾ ನಿಜವಾಗಿ ಇರುವ ಕಡೆ ಹೋಗಬೇಕಿತ್ತು. 1893ರಲ್ಲಿ ಭಾರತಕ್ಕೆ ಬಂದರು.

ಕಲ್ಕತ್ತಾದ ಒಂದು ಬಸ್ತಿಯಲ್ಲಿ ಸುಮಾರು 200 ಜನರಿದ್ದರು. ಕಾಲರಾ ಕಾಣಿಸಿಕೊಂಡಾಗ ಅವರಲ್ಲಿ 116 ಮಂದಿ ಲಸಿಕೆಗೆ ಒಪ್ಪಿದರು, ಉಳಿದವರು ಒಪ್ಪಲಿಲ್ಲ. ಆಮೇಲೆ ಅಲ್ಲಿ ಕಾಲರಾ ಬಂದದ್ದು ಒಪ್ಪದಿದ್ದವರಿಗೆ ಮಾತ್ರ. ಒಂದೇ ಬಸ್ತಿ, ಒಂದೇ ನೀರು, ಎರಡು ಗುಂಪು. ಹಾಫ್‌ಕಿನ್ ಮುಂದೆ ಎಲ್ಲೇ ಹೋದರೂ ಹುಡುಕಿದ್ದು ಇಂಥ ಹೋಲಿಕೆಯನ್ನೇ. ಎರಡು ವರ್ಷ ಉತ್ತರ ಭಾರತ, ಅಸ್ಸಾಂ ಚಹಾ ತೋಟಗಳೆಲ್ಲ ಸುತ್ತಿ ಮಲೇರಿಯಾ ಹಿಡಿಸಿಕೊಂಡು ಯುರೋಪಿಗೆ ಹೋಗಿ, ಮತ್ತೆ ಬಂದರು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು.

ನಮ್ಮ ಭಾಗದ ಕಥೆ ಇಲ್ಲಿಂದ ಶುರು. ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ರೈಲು ಮಾರ್ಗ ಆಗಲೇ ಬಂದಿತ್ತು. ಮನುಷ್ಯರ ಜೊತೆ, ಧಾನ್ಯದ ಚೀಲಗಳ ಜೊತೆ ಪ್ಲೇಗೂ ಅದೇ ಹಾದಿಯಲ್ಲಿ ಬಂತು. ಇಲಿ ಬಿದ್ದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುವುದು ಎಂಬ ಮಾತುಗಳನ್ನು ನಮ್ಮ ಕಡೆಯ ಹಿರಿಯರು ತಮ್ಮ ಹಿರಿಯರಿಂದ ಕೇಳಿ ಇಂದಿಗೂ ಹೇಳುತ್ತಾರೆ. ಊರು ಬಿಡುವುದು ನಿಜಕ್ಕೂ ಒಳ್ಳೆಯ ಉಪಾಯವೇ ಆಗಿತ್ತು. ಇಲಿ, ಇಲಿಯ ಮೈಮೇಲಿನ ಚಿಗಟಗಳಿಂದ ದೂರ ಹೋದಂತಾಗುತ್ತಿತ್ತು. ಜನರ ಅನುಭವವೆಲ್ಲ ಸುಳ್ಳು ಎಂದು ಯಾರೂ ಹೇಳಬೇಕಿಲ್ಲ.

ಆದರೆ ಅದೇ ಅನುಭವ ಔಷಧಿಯ ವಿಷಯದಲ್ಲಿ ಮೋಸ ಮಾಡುತ್ತದೆ. ಗಡ್ಡೆ ಪ್ಲೇಗ್ ಬಂದವರಿಗೆ ಯಾವ ಚಿಕಿತ್ಸೆಯೂ ಸಿಗದಿದ್ದರೂ ಎಲ್ಲರೂ ಸಾಯುವುದಿಲ್ಲ. ನೂರರಲ್ಲಿ 30ರಿಂದ 60 ಮಂದಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗಾದರೆ ಉಳಿದವರು? ಅವರು ತಾವಾಗಿಯೇ ಬದುಕುತ್ತಾರೆ. ಬದುಕಿದವರು ಜಡ್ಡಿನಲ್ಲಿದ್ದಾಗ ಕಷಾಯ ಕುಡಿದಿರುತ್ತಾರೆ, ಲೇಪ ಹಚ್ಚಿಸಿಕೊಂಡಿರುತ್ತಾರೆ, ತಾಯಿತ ಕಟ್ಟಿಸಿಕೊಂಡಿರುತ್ತಾರೆ. ಊರು ತುಂಬ ಅದನ್ನೇ ಹೊಗಳುತ್ತಾರೆ. ಅದೇ ಕಷಾಯ ಕುಡಿದು ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ಪ್ಲೇಗ್ ಬಿಡಿ, ಇವತ್ತಿನ ಕಾಮಾಲೆ ನೋಡಿ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮೂರು ಬೆಳಗ್ಗೆ ಸೊಪ್ಪಿನ ರಸ ಕೊಟ್ಟವರಿಗೆ ಹೆಸರು ಬರುತ್ತದೆ. ಹಾವು ಕಡಿತವೂ ಹಾಗೆಯೇ. ಕಡಿದದ್ದು ವಿಷವಿಲ್ಲದ ಹಾವಾಗಿದ್ದರೆ, ಅಥವಾ ವಿಷದ ಹಾವೇ ವಿಷ ಬಿಡದೆ ಕಚ್ಚಿದ್ದರೆ ಮಂತ್ರ ಫಲಿಸುತ್ತದೆ. ನಾಗರಹಾವು ನಿಜವಾಗಿ ವಿಷ ಬಿಟ್ಟಿದ್ದ ದಿನ, ಮಂತ್ರಕ್ಕೆ ಕಳೆದ ಒಂದು ತಾಸು ಜೀವ ತೆಗೆಯುತ್ತದೆ.

ಹಾಫ್‌ಕಿನ್ ಮುಂಬೈನ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಕೆಲಸ ಶುರು ಮಾಡಿದರು. ಮಾಂಸದ ಸಾರಿನಲ್ಲಿ ಪ್ಲೇಗ್ ಕ್ರಿಮಿ ಬೆಳೆಸಿ, ಕಾಯಿಸಿ ಕೊಂದು, ಲಸಿಕೆ ಮಾಡುವುದು ಉಪಾಯ. ಗೋಮಾಂಸವಾದರೆ ಹಿಂದೂಗಳು, ಹಂದಿಯದಾದರೆ ಮುಸ್ಲಿಮರು ಒಪ್ಪುವುದಿಲ್ಲವೆಂದು ಆಡಿನ ಮಾಂಸ ಬಳಸಿದರು. ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ಕ್ರಿಮಿಗಳು ಅದಕ್ಕೆ ಜೋತುಬಿದ್ದು ಬಿಳಲಿನಂತೆ ಕೆಳಗಿಳಿದು ಬೆಳೆಯುತ್ತವೆ ಎಂದು ಕಂಡುಕೊಂಡರು. ನಮ್ಮ ಅಡುಗೆಮನೆಯ ತುಪ್ಪ ಪ್ಲೇಗ್ ಲಸಿಕೆಯಲ್ಲಿ ಕೆಲಸ ಮಾಡಿದ್ದು ಹೀಗೆ. 1897ರ ಜನವರಿ 10ರಂದು, ಎಂದಿನಂತೆ, ಮೊದಲ ಚುಚ್ಚುಮದ್ದು ಅವರಿಗೇ.

ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿತು. ಸುಮಾರು ಅರ್ಧದಷ್ಟು ಕೈದಿಗಳು ಲಸಿಕೆ ಪಡೆಯಲು ಮುಂದೆ ಬಂದರು. ಮುಂದಿನ ದಿನಗಳಲ್ಲಿ ಲಸಿಕೆ ಪಡೆಯದವರಲ್ಲಿ 12 ಮಂದಿಗೆ ಪ್ಲೇಗ್ ಬಂದು 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ. ಜೈಲಿನಲ್ಲಿರುವವರ ಒಪ್ಪಿಗೆ ಎಷ್ಟು ಸ್ವತಂತ್ರ ಎಂದು ಇಂದು ನಾವು ಕೇಳಬಹುದು, ಕೇಳಲೇಬೇಕು. ಆದರೂ ಆ ಕಾಲದ ಬಹಳಷ್ಟು ಔಷಧಿಗಳು, ದೇಶಿಯಾಗಲಿ ವಿಲಾಯತಿಯಾಗಲಿ, ಇಷ್ಟು ಸಣ್ಣ ಪರೀಕ್ಷೆಗೂ ಒಳಗಾಗದೆ ಮಾರಾಟವಾಗುತ್ತಿದ್ದವು ಎಂಬುದು ನೆನಪಿರಲಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಉಂಡೇರಾ ಎಂಬ ಹಳ್ಳಿಯ ಲೆಕ್ಕ. ಬರೋಡಾ ಸಂಸ್ಥಾನದ ಊರು ಅದು. 1898ರಲ್ಲಿ ಅಲ್ಲಿಗೆ ಪ್ಲೇಗ್ ಬಂದಿತ್ತು. ಹಾಫ್‌ಕಿನ್ ಮನೆಮನೆಗೆ ಹೋಗಿ, ಒಂದೊಂದು ಮನೆಯಲ್ಲೂ ಅರ್ಧ ಜನರಿಗೆ ಲಸಿಕೆ ಹಾಕಿಸಿ, ಉಳಿದರ್ಧ ಜನರನ್ನು ಹಾಗೆಯೇ ಬಿಟ್ಟರು. ಬಡವರು ಬೇರೆ, ಶ್ರೀಮಂತರು ಬೇರೆ, ಆ ಓಣಿ ಬೇರೆ, ಈ ಓಣಿ ಬೇರೆ ಎಂಬ ನೆಪಕ್ಕೆ ಜಾಗವಿರಬಾರದಲ್ಲ. ಒಂದೇ ಸೂರು, ಒಂದೇ ಒಲೆ, ಅವೇ ಇಲಿಗಳು. ಸುಮಾರು ಆರು ವಾರ ಬಿಟ್ಟು ಬಂದು, ಪ್ಲೇಗ್ ಹೊಕ್ಕ ಮನೆಗಳ ಲೆಕ್ಕ ಹಾಕಿದರು. ಲಸಿಕೆ ಪಡೆದ 71 ಮಂದಿಯಲ್ಲಿ 8 ಮಂದಿಗೆ ಪ್ಲೇಗ್ ಬಂದು 3 ಮಂದಿ ಸತ್ತಿದ್ದರು. ಪಡೆಯದ 64 ಮಂದಿಯಲ್ಲಿ 27 ಮಂದಿಗೆ ಬಂದು 26 ಮಂದಿ ಸತ್ತಿದ್ದರು.

ಈ ಅಂಕಿಗಳನ್ನು ಓದಿದಾಗ ಮೊದಲು ಬರುವುದು ಸಿಟ್ಟು. ಗೊತ್ತಿದ್ದೂ ಅರ್ಧ ಮನೆಯನ್ನು ಬಿಟ್ಟನಲ್ಲ ಎನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಅದು ಖಚಿತವಾಗಿ ಗೊತ್ತಿರಲಿಲ್ಲ. ಲಸಿಕೆಯೇ ಜನರನ್ನು ದುರ್ಬಲ ಮಾಡಿ ಪ್ಲೇಗಿಗೆ ಒಡ್ಡುತ್ತದೆ ಎನ್ನುವವರೂ ಇದ್ದರು. ಹಾಗೇನಾದರೂ ಆಗಿದ್ದರೆ ಸಾಯುವವರು ಇನ್ನೊಂದು ಅರ್ಧದವರಾಗಿರುತ್ತಿದ್ದರು. ಇಂದಿನ ನಿಯಮಗಳ ಪ್ರಕಾರ, ಜನರಿಗೆ ಎಲ್ಲವನ್ನೂ ವಿವರಿಸದೆ ಇಂಥ ಪ್ರಯೋಗ ಮಾಡುವಂತಿಲ್ಲ, ಅದು ಸರಿಯೇ. ಆದರೆ ಆ 64 ಮಂದಿಯ ಲೆಕ್ಕ ಇಲ್ಲದೆ 71 ಮಂದಿಯ ಲೆಕ್ಕಕ್ಕೆ ಅರ್ಥವೇ ಇಲ್ಲ. ಪೋಸ್ಟರ್‌ನಲ್ಲಿ ಕಾಣದೆ ಹೋಗುವುದು ಈ 64 ಮಂದಿಯೇ.

ನಮಗೆ ಹತ್ತಿರದ ದೊಡ್ಡ ಪರೀಕ್ಷೆ ನಡೆದದ್ದು ಹುಬ್ಬಳ್ಳಿಯಲ್ಲಿ, 1898ರಲ್ಲೇ. ಲ್ಯೂಮನ್ ಎಂಬ ಸೇನಾ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು. ಸತ್ತವರ ಲೆಕ್ಕವನ್ನು ಪ್ರತಿ ವಾರ ಎರಡು ಕಾಲಂನಲ್ಲಿ ಬರೆದಿಟ್ಟರು, ಪಡೆದವರು ಮತ್ತು ಪಡೆಯದವರು. ಆ ಕಾಲದ ಊರೊಂದರಲ್ಲಿ ಅಷ್ಟು ಜನ ತೋಳು ಒಡ್ಡಿದ್ದು ಸಣ್ಣ ಮಾತಲ್ಲ. ಪುಣೆಯಲ್ಲಿ ಸೈನಿಕರು ಮನೆಗೆ ನುಗ್ಗಿ ಪ್ಲೇಗ್ ರೋಗಿಗಳನ್ನು ಹುಡುಕಿದ್ದು, ಅದರ ಸಿಟ್ಟಿಗೆ 1897ರ ಜೂನ್‌ನಲ್ಲಿ ಚಾಪೇಕರ್ ಸಹೋದರರು ರ್‍ಯಾಂಡ್‌ನನ್ನು ಕೊಂದದ್ದು ಎಲ್ಲರ ಕಿವಿಗೂ ಬಿದ್ದಿತ್ತು. ಸರ್ಕಾರದ ಸೂಜಿಯನ್ನು ಸಂಶಯದಿಂದ ನೋಡುವುದು ಆಗ ಮೂಢನಂಬಿಕೆ ಆಗಿರಲಿಲ್ಲ, ಅದಕ್ಕೆ ಕಾರಣವಿತ್ತು. ಹಾಫ್‌ಕಿನ್ ಕೂಡ ಬಲವಂತದ ಲಸಿಕೆಗೆ ಒಲವು ತೋರಿದವರಲ್ಲ. ಆಗಾಖಾನ್ ಅವರು ಜನರ ಎದುರಿಗೇ ಚುಚ್ಚಿಸಿಕೊಂಡು ತೋರಿಸಿದ್ದು ಅವರಿಗೆ ಎಷ್ಟೋ ಆದೇಶಗಳಿಗಿಂತ ಹೆಚ್ಚು ನೆರವಾಯಿತು.

ಅಂದ ಹಾಗೆ, ಬೆಳಗಾವಿಯ ಟಿಳಕವಾಡಿಯಲ್ಲಿ ನಾವೆಲ್ಲ ಕಂಡಿರುವ ವ್ಯಾಕ್ಸಿನ್ ಡಿಪೋ ಇದೆಯಲ್ಲ, ಅದರ ಹೆಸರು ಬಂದದ್ದು ಬೇರೆ ಕಥೆಯಿಂದ. ಅಲ್ಲಿ ತಯಾರಾಗುತ್ತಿದ್ದುದು ಸಿಡುಬಿನ ಲಸಿಕೆ. ಆ ಸಿಡುಬು ಇಂದು ಜಗತ್ತಿನಲ್ಲೇ ಇಲ್ಲ.

ಹಾಫ್‌ಕಿನ್‌ರ ಲೆಕ್ಕವನ್ನು ಎಲ್ಲರೂ ಸುಮ್ಮನೆ ಒಪ್ಪಿಕೊಂಡರು ಎಂದುಕೊಳ್ಳಬೇಡಿ. 1898-99ರಲ್ಲಿ ಭಾರತೀಯ ಪ್ಲೇಗ್ ಆಯೋಗ ಬಂದು ಅಂಕಿಗಳನ್ನು ಒಂದೊಂದಾಗಿ ಕೆದಕಿತು. ಕೆಲವು ಕಡೆ ಎಣಿಕೆ ಸರಿಯಿಲ್ಲ ಎಂದಿತು. ಕೊನೆಗೆ, ಲಸಿಕೆ ಪೂರ್ತಿ ರಕ್ಷಣೆ ಕೊಡುವುದಿಲ್ಲ, ಆದರೆ ಪ್ಲೇಗ್ ತಗಲುವುದನ್ನೂ ಸಾವನ್ನೂ ಸಾಕಷ್ಟು ತಗ್ಗಿಸುತ್ತದೆ ಎಂಬ ತೀರ್ಮಾನಕ್ಕೆ ಬಂತು. ಬೇರುಸಹಿತ, ನೂರಕ್ಕೆ ನೂರು ಎಂಬ ಮಾತು ಎಲ್ಲೂ ಇರಲಿಲ್ಲ. 1899ರಲ್ಲಿ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬದಲಾಯಿತು. ಲಕ್ಷಗಟ್ಟಲೆ ಡೋಸ್‌ಗಳು ಹೊರಟವು.

ಆಮೇಲೆ ಮಲ್ಕೋವಾಲ್.

1902ರ ಅಕ್ಟೋಬರ್ 30. ಪಂಜಾಬಿನ ಆ ಹಳ್ಳಿಯಲ್ಲಿ ಒಂದೇ ದಿನ 107 ಮಂದಿಗೆ ಲಸಿಕೆ ಹಾಕಿದರು. ಒಂದು ವಾರದಲ್ಲಿ ಅವರಲ್ಲಿ 19 ಮಂದಿಗೆ ಧನುರ್ವಾಯು ಕಾಣಿಸಿಕೊಂಡಿತು. 19 ಮಂದಿಯೂ ಸತ್ತರು. ಅವರೆಲ್ಲರೂ ಒಂದೇ ಬಾಟಲಿಯ ಲಸಿಕೆ ಪಡೆದವರು. ಬೇರೆ ಬಾಟಲಿಗಳಿಂದ ಪಡೆದ 88 ಮಂದಿಗೆ ಏನೂ ಆಗಲಿಲ್ಲ. ಬೇಡಿಕೆ ಪೂರೈಸಲು ಹಾಫ್‌ಕಿನ್ ತಯಾರಿಕೆಯ ವಿಧಾನ ಬದಲಿಸಿದ್ದರು, ಮೊದಲು ಸೇರಿಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟಿದ್ದರು. ವಿಚಾರಣಾ ಆಯೋಗದ ಬೆರಳು ಪರೇಲಿನ ಕಡೆಗೆ ತಿರುಗಿತು. ಅವರನ್ನು ನಿರ್ದೇಶಕ ಸ್ಥಾನದಿಂದ ಸರಿಸಿದರು. ಅವರು ವೈದ್ಯರಲ್ಲ, ಬ್ರಿಟಿಷರಲ್ಲ, ಮೇಲಾಗಿ ಯಹೂದಿ. ಅವರ ಪರವಾಗಿ ನಿಲ್ಲುವ ಅಧಿಕಾರಿಗಳು ಕಡಿಮೆ ಇದ್ದರು.

ಬಾಟಲಿ ತೆರೆದ ದಿನ ಏನಾಗಿತ್ತು ಎಂಬುದು ವಿಚಾರಣೆಯ ದಾಖಲೆಯಲ್ಲೇ ಇತ್ತು. ಮುಚ್ಚಳ ತೆಗೆಯುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಬೆಂಕಿಗೆ ಹಿಡಿಯದೆ, ಔಷಧಿ ನೀರಿನಲ್ಲಿ ಅದ್ದಿ ಮತ್ತೆ ಬಳಸಿದ್ದರು. ಧನುರ್ವಾಯುವಿನ ಕ್ರಿಮಿ ಇರುವುದೇ ಮಣ್ಣಿನಲ್ಲಿ. ಬಾಟಲಿ ಮುಂಬೈಯಲ್ಲೇ ಕೆಟ್ಟಿದ್ದರೆ ಅಷ್ಟು ದಿನಗಳಲ್ಲಿ ಕೆಟ್ಟ ವಾಸನೆ ಬರಬೇಕಿತ್ತು, ಬಂದಿರಲಿಲ್ಲ. ಹಾಫ್‌ಕಿನ್ ಲಂಡನ್‌ನಲ್ಲಿ ಕುಳಿತು ಇದನ್ನೇ ಮತ್ತೆ ಮತ್ತೆ ಬರೆದರು. ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ತೋರಿಸಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಅವರ ಪರ ನಿಂತರು. 1907ರ ಜುಲೈನಲ್ಲಿ ಹತ್ತು ಮಂದಿ ವಿಜ್ಞಾನಿಗಳ ಸಹಿಯೊಂದಿಗೆ ಲಂಡನ್ನಿನ ಪತ್ರಿಕೆಯಲ್ಲಿ ಪತ್ರ ಬಂದ ಮೇಲೆ ಅವರ ಮೇಲಿನ ಕಳಂಕ ಕಳೆಯಿತು. ಅಷ್ಟರಲ್ಲಿ ಸುಮಾರು ಐದು ವರ್ಷ ಹೋಗಿತ್ತು.

ಹಾಫ್‌ಕಿನ್‌ಗೆ ಅನ್ಯಾಯವಾಯಿತು, ನಿಜ. ಆದರೂ ಮಲ್ಕೋವಾಲ್ ಪ್ರಕರಣದ ಇನ್ನೊಂದು ಮುಖ ನನಗೆ ಮುಖ್ಯ ಅನಿಸುತ್ತದೆ. ಯಾರಿಗೆ ಯಾವ ಬಾಟಲಿಯಿಂದ ಲಸಿಕೆ ಹಾಕಿದ್ದು ಎಂಬ ದಾಖಲೆ ಇತ್ತು. ಅದಕ್ಕೇ 19 ಸಾವುಗಳನ್ನು ಒಂದು ಬಾಟಲಿಗೆ, ಒಂದು ಚಿಮಟದವರೆಗೆ ಹಿಂಬಾಲಿಸಲು ಸಾಧ್ಯವಾಯಿತು. ಈಗ ಸಂತೆಯಲ್ಲಿ ಪುಡಿ ಕಟ್ಟಿ ಕೊಡುವವರನ್ನು ನೆನೆಯಿರಿ. ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆ ಇಲ್ಲ, ಒಳಗೆ ಏನಿದೆ ಎಂಬ ಪಟ್ಟಿ ಇಲ್ಲ, ಹೆಸರೂ ಇಲ್ಲ. ಯಾರದ್ದಾದರೂ ಮೂತ್ರಪಿಂಡ ಕೆಟ್ಟರೆ ಯಾವ ಪುಡಿಯಿಂದ ಎಂದು ಹುಡುಕುವುದು ಹೇಗೆ? ಪಕ್ಕದ ಪರಿಣಾಮ ಇಲ್ಲ ಎಂದು ಅವರು ಹೇಳುವುದರ ಅರ್ಥ ಎಷ್ಟೋ ಸಲ ಇಷ್ಟೇ, ಯಾರೂ ಬರೆದಿಟ್ಟಿಲ್ಲ. ಬರೆದಿಡಲು ಹೋದವರಿಗೆ ಸಿಕ್ಕದ್ದು ಬೇರೆ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಕೊಂಡು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡವು. ಹೋಮಿಯೋಪಥಿಯ ಅಧ್ಯಯನಗಳನ್ನೆಲ್ಲ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ ಒಟ್ಟು ಸೇರಿಸಿ ನೋಡಿ, ಅದು ಯಾವುದೇ ಕಾಯಿಲೆಗೆ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇಲ್ಲವೆಂದು 2015ರಲ್ಲಿ ಹೇಳಿತು.

ಗಿಡಮೂಲಿಕೆಯಲ್ಲಿ ಏನೂ ಇಲ್ಲ ಎಂಬುದು ಇದರ ಅರ್ಥವಲ್ಲ. ಸರ್ಪಗಂಧ ನಮ್ಮದೇ ಗಿಡ. ಮುಂಬೈನ ವೈದ್ಯ ರುಸ್ತುಂ ಜಾಲ್ ವಕೀಲ್ ಅದನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಏರಿಳಿತ ಬರೆದಿಟ್ಟು, 1949ರಲ್ಲಿ ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತೇ ಅದನ್ನು ಬಳಸಿತು. ಅದರಿಂದ ಖಿನ್ನತೆಯಂಥ ತೊಂದರೆಗಳಾಗುತ್ತವೆ ಎಂಬುದನ್ನೂ ಬರೆದಿಟ್ಟರು, ಉತ್ತಮ ಮಾತ್ರೆಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಹಾಫ್‌ಕಿನ್ ಲಸಿಕೆಯ ಗತಿಯೂ ಅದೇ. ಎರಡು ಕೋಟಿಗೂ ಹೆಚ್ಚು ಡೋಸ್ ಮುಂಬೈನಿಂದ ಹೋದವು. ಜ್ವರ ತರುತ್ತಿತ್ತು, ರಕ್ಷಣೆ ಅರೆಬರೆಯಾಗಿತ್ತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಪ್ಲೇಗ್ ರೋಗಿಯನ್ನೇ ಉಳಿಸಬಹುದಾಯಿತು, ಲಸಿಕೆಯ ಅಗತ್ಯ ಕುಗ್ಗಿತು. ಸಾವಿರಾರು ವರ್ಷಗಳಿಂದ ಬದಲಾಗಿಲ್ಲ ಎಂಬುದು ಔಷಧಿಗೆ ಹೊಗಳಿಕೆಯೋ ದೂರೋ ಎಂದು ನನಗೆ ಎಷ್ಟೋ ಸಲ ಅನುಮಾನ ಬಂದಿದೆ.

ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಇನ್ನೊಂದು ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಎಂಬುದೊಂದಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆ, ಪಾರ್ಶ್ವವಾಯು ಮೊದಲಾದ ಕಾಯಿಲೆಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದೇ ಅದರಡಿ ಅಪರಾಧ. ಕಾಯ್ದೆಗೆ 70 ವರ್ಷ ದಾಟಿದೆ. ಪೋಸ್ಟರ್ ಮಾತ್ರ ಪ್ರತಿ ಮಳೆಗಾಲದ ನಂತರ ಹೊಸದಾಗುತ್ತದೆ. ಇದರಲ್ಲಿ ಪಾರ್ಶ್ವವಾಯುವಿನದು ನನಗೆ ಹೆಚ್ಚು ಸಂಕಟ ತರುತ್ತದೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡಬೇಕಾದದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ತಾಸಿನೊಳಗೆ. ಮೂಡಲಗಿಯ ಹಳ್ಳಿಯಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆ ಮುಟ್ಟಲು ಎರಡು ತಾಸಾದರೂ ಬೇಕು. ಆ ಸಮಯದಲ್ಲಿ ಯಾವುದೋ ಊರಿನ ಎಣ್ಣೆ ಮಾಲೀಸಿಗೆ ಸರದಿಯಲ್ಲಿ ಕುಳಿತರೆ ಹೋದ ಕೈ ಹೋದಂತೆಯೇ.

ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರು. ಕಲ್ಕತ್ತಾದಲ್ಲಿ ಹುದ್ದೆ ಸಿಕ್ಕಿತು, ತಾವೇ ಕಟ್ಟಿದ ಪರೇಲ್ ಪ್ರಯೋಗಾಲಯ ಸಿಗಲಿಲ್ಲ. 1914ರಲ್ಲಿ ನಿವೃತ್ತರಾಗಿ ಯುರೋಪಿಗೆ ಮರಳಿದರು. ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಧರ್ಮದ ಆಚರಣೆಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದರು, ಆಸ್ತಿಯನ್ನು ಯಹೂದಿ ಧಾರ್ಮಿಕ ಪಾಠಶಾಲೆಗಳಿಗೆ ಬರೆದಿಟ್ಟರು. ದೇವರನ್ನು ನಂಬುವ ಮನುಷ್ಯ ಔಷಧಿಯನ್ನು ಮಾತ್ರ ಎಣಿಸದೆ ನಂಬಲಿಲ್ಲ. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ತೀರಿಕೊಂಡಾಗ ಅವರಿಗೆ 70 ವರ್ಷ.